ಕಂದಿಕೆರೆಯಿಂದ ನೋಡಿದರೆ ಯಾರು ಮೇಲು?

ಫುಟ್‌ಬಾಲಿಗೆ ಬೆಂಗಳೂರು, ಹಾಕಿಗೆ ಕೊಡಗು, ಕಬಡ್ಡಿಗೆ ನಾವು. ಕಂದಿಕೆರೆ ಕಡೆ ಹೈಸ್ಕೂಲು ಆಟಗಳ ಮಾತು ಬಂದರೆ ವಾದ ಇಲ್ಲಿಗೇ ಬಂದು ನಿಲ್ಲುತ್ತದೆ. ಮೊದಲೆರಡನ್ನು ನಾವೂ ಒಪ್ಪುತ್ತೇವೆ. ಆದರೆ ಕಾರಣ ಮಕ್ಕಳ ರಕ್ತದಲ್ಲಿಲ್ಲ.

1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು ಬಂತು. ಸೋಲ್ಜರುಗಳ ಆಟವನ್ನು ದಂಡಿನ ಸುತ್ತಲ ಕೇರಿಗಳ ಹುಡುಗರು ಬರಿಗಾಲಲ್ಲೇ ಕಲಿತರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 1946-47ರಿಂದ 1968-69ರೊಳಗೆ ಮೈಸೂರು ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಕರ್ನಾಟಕ ಅದನ್ನು ಎತ್ತಿದ್ದು 2023ರಲ್ಲಿ, ಅದೂ ದೂರದ ರಿಯಾದಿನಲ್ಲಿ!

ಕೊಡಗಿನಲ್ಲಿ ಹಾಕಿ ಮನೆಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕುಟುಂಬಗಳ ನಡುವೆಯೇ ಟೂರ್ನಿ ಶುರುಮಾಡಿದರು; ಮೊದಲ ವರ್ಷವೇ 60 ಮನೆತನಗಳು ಆಡಿದವು.

ನಮ್ಮಲ್ಲಿ ಕಬಡ್ಡಿಗೆ ಹದವಾದ ನೆಲ, ಸುಣ್ಣದ ಗೆರೆ ಸಾಕು. ನೂರು ಮೀಟರಿನ ಮೈದಾನ ಬೇಕೆಂದರೆ ತೆಂಗಿನ ಸಾಲು ಕಡಿಯಬೇಕು, ಅದಕ್ಕೆ ಯಾರು ಒಪ್ಪುತ್ತಾರೆ?

ವಾದದಲ್ಲಿ ಯಾರೂ ಎತ್ತದ ಸಂಗತಿಯೊಂದಿದೆ. ಹೋಬಳಿ, ತಾಲ್ಲೂಕು, ಜಿಲ್ಲೆ ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗಬೇಕು. ತುಮಕೂರು ಇರುವುದು ಬೆಂಗಳೂರು ವಿಭಾಗದಲ್ಲಿ. ಫುಟ್‌ಬಾಲಿನಲ್ಲಿ ನಮ್ಮ ಹುಡುಗರು ರಾಜ್ಯಮಟ್ಟ ಕಾಣಬೇಕಾದರೆ ಮೊದಲು ರಾಜಧಾನಿಯನ್ನೇ ದಾಟಬೇಕು. ಬೆಳಗಾವಿ, ಕಲಬುರಗಿ ವಿಭಾಗದವರಿಗೆ ಈ ಗೋಡೆಯಿಲ್ಲ. ಮೈಸೂರು ವಿಭಾಗದ ಹಾಕಿ ಮಕ್ಕಳಿಗೆ ಕೊಡಗೇ ಗೋಡೆ. ಗೆರೆ ಎಳೆದದ್ದು ಆಡಳಿತಕ್ಕೆ, ಆಟಕ್ಕಲ್ಲ. ಅದನ್ನು ಮರೆತು, ರಾಜ್ಯಮಟ್ಟದಲ್ಲಿ ಹೆಸರಿಲ್ಲದ ಜಿಲ್ಲೆಗೆ ಆಟವೇ ಬರಲ್ಲ ಅಂದುಬಿಡುತ್ತೇವೆ.

ಇನ್ನು ಕಬಡ್ಡಿಗೆ ನಾವು ಅಂದೆವಲ್ಲ, ಅದನ್ನು ಮಂಡ್ಯದವರು ಒಪ್ಪುವುದಿಲ್ಲ. ಅವರು ಮೈಸೂರು ವಿಭಾಗ. ತೀರ್ಮಾನವಾಗಬೇಕಾದರೆ ಇಬ್ಬರೂ ರಾಜ್ಯಮಟ್ಟಕ್ಕೇ ಹೋಗಬೇಕು.