ಪುನರಾವರ್ತನೆಯ ಕ್ರಮ (ಪೈಥಾನ್ ಡಿಕ್ಷನರಿ)

ಪುನರಾವರ್ತನೆಯ ಕ್ರಮ ಎಂದರೆ ದತ್ತಾಂಶ ಸಂಗ್ರಹವೊಂದರ ಅಂಶಗಳನ್ನು ಲೂಪ್ ಒಂದೊಂದಾಗಿ ಹೊರತೆಗೆಯುವ ಅನುಕ್ರಮ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಲಿಸ್ಟ್‌ನಲ್ಲಿ ಇದು ಸ್ವಯಂಸಿದ್ಧ. ಕೀಲಿ ಮತ್ತು ಮೌಲ್ಯಗಳ ಜೋಡಿಗಳನ್ನು ಇಡುವ ಡಿಕ್ಷನರಿಯಲ್ಲಿ ಮಾತ್ರ ಅದು ಬಹುಕಾಲ ಅನಿಶ್ಚಿತವಾಗಿತ್ತು. 2018ರ ಜೂನ್‌ನಲ್ಲಿ ಬಿಡುಗಡೆಯಾದ 3.7ನೇ ಆವೃತ್ತಿಯಿಂದ, ಕೀಲಿಗಳನ್ನು ಸೇರಿಸಿದ ಕ್ರಮವೇ ಉಳಿಯುವುದೆಂಬುದು ಭಾಷೆಯ ಅಧಿಕೃತ ಖಾತರಿಯಾಗಿದೆ.

ಹಿನ್ನೆಲೆ

ಡಿಕ್ಷನರಿಯು ಹ್ಯಾಶ್ ಕೋಷ್ಟಕವನ್ನು ಆಧರಿಸಿದೆ. ಹಳೆಯ ಆವೃತ್ತಿಗಳಲ್ಲಿ ಕೀಲಿಯ ಹ್ಯಾಶ್ ಮೌಲ್ಯವೇ ಅದರ ಸ್ಥಾನವನ್ನು ನಿರ್ಧರಿಸುತ್ತಿತ್ತು. ಭದ್ರತೆಯ ಕಾರಣದಿಂದ 2012ರ 3.3ನೇ ಆವೃತ್ತಿಯಲ್ಲಿ ಪಠ್ಯದ ಹ್ಯಾಶ್ ಮೌಲ್ಯಗಳನ್ನು ಪ್ರತಿ ಚಾಲನೆಗೂ ಯಾದೃಚ್ಛಿಕಗೊಳಿಸಲಾಯಿತು. ಪರಿಣಾಮವಾಗಿ ಒಂದೇ ಪ್ರೋಗ್ರಾಂ ಎರಡು ಸಲ ಓಡಿದಾಗ ಎರಡು ಬಗೆಯ ಅನುಕ್ರಮಗಳು ಬರುವುದು ಸಾಧ್ಯವಾಯಿತು. ಉದಾಹರಣೆಗೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಹೆಸರುಗಳನ್ನು ಡಿಕ್ಷನರಿಯಿಂದಲೂ ಅವುಗಳ ಮಳೆಯ ಅಂಕಿಗಳನ್ನು ಪ್ರತ್ಯೇಕ ಲಿಸ್ಟ್‌ನಿಂದಲೂ ಮುದ್ರಿಸಿದರೆ, ಹೊಸಕೋಟೆಯ ಅಂಕಿ ನೆಲಮಂಗಲದ ಎದುರು ಬೀಳಬಹುದಿತ್ತು. ಇಂತಹ ತಪ್ಪಿಗೆ ಯಾವ ದೋಷಸಂದೇಶವೂ ಬಾರದು ಎಂಬುದೇ ಅದರ ಅಪಾಯ.

ವರ್ತನೆಯಿಂದ ಖಾತರಿಗೆ

2012ರಲ್ಲಿ ರೇಮಂಡ್ ಹೆಟಿಂಗರ್ ಡಿಕ್ಷನರಿಗೆ ಹೊಸ ವಿನ್ಯಾಸವೊಂದನ್ನು ಸೂಚಿಸಿದರು. ಅದರಲ್ಲಿ ಜೋಡಿಗಳು ಸೇರಿದ ಕ್ರಮದಲ್ಲೇ ಒತ್ತೊತ್ತಾಗಿ ಕೂರುತ್ತವೆ. ಚಿಕ್ಕದೊಂದು ಸೂಚಿಕೋಷ್ಟಕ ಅವುಗಳ ಸ್ಥಾನವನ್ನು ತೋರಿಸುತ್ತದೆ. 2016ರ ಡಿಸೆಂಬರ್‌ನಲ್ಲಿ 3.6ನೇ ಆವೃತ್ತಿ ಇದನ್ನು ಅಳವಡಿಸಿಕೊಂಡಿತು. ಸ್ಮರಣೆಯ ಬಳಕೆ ಶೇಕಡ 20ರಿಂದ 25ರಷ್ಟು ತಗ್ಗಿತು. ಕ್ರಮ ಉಳಿದದ್ದು ಅದರ ಉಪಫಲ. ಆದರೆ ಇದು ಅನುಷ್ಠಾನದ ವಿವರವಷ್ಟೇ, ಇದನ್ನು ನಂಬಬಾರದು ಎಂದು ಆ ಆವೃತ್ತಿಯ ದಸ್ತಾವೇಜು ಎಚ್ಚರಿಸಿತ್ತು. ಒಂದು ಆವೃತ್ತಿಯ ಅಂತರದಲ್ಲಿ ಪ್ರೋಗ್ರಾಂನ ವರ್ತನೆ ಬದಲಾಗಲಿಲ್ಲ, ಬದಲಾದದ್ದು ದಸ್ತಾವೇಜಿನ ವಾಕ್ಯ. ಹಾಗಿದ್ದರೂ ವ್ಯತ್ಯಾಸ ದೊಡ್ಡದು: ಖಾತರಿಯ ನಂತರ ಪೈಥಾನ್‌ನ ಎಲ್ಲ ಅನುಷ್ಠಾನಗಳೂ ಅದಕ್ಕೆ ಬದ್ಧವಾಗಬೇಕಾಯಿತು.

ಖಾತರಿಯ ಮಿತಿ

ಇರುವ ಕೀಲಿಯ ಮೌಲ್ಯವನ್ನು ಬದಲಿಸಿದರೆ ಅದರ ಸ್ಥಾನ ಬದಲಾಗದು. ಅಳಿಸಿ ಮತ್ತೆ ಸೇರಿಸಿದರೆ ಕೊನೆಗೆ ಹೋಗುತ್ತದೆ. ಎರಡು ಡಿಕ್ಷನರಿಗಳ ಸಮಾನತೆಯನ್ನು ನೋಡುವಾಗ ಕ್ರಮ ಲೆಕ್ಕಕ್ಕಿಲ್ಲ. ಸೆಟ್‌ಗೆ ಇಂದಿಗೂ ಇಂತಹ ಖಾತರಿಯಿಲ್ಲ. ಗೋ ಭಾಷೆಯಲ್ಲಂತೂ ಯಾರೂ ಕ್ರಮವನ್ನು ನಂಬದಿರಲೆಂದೇ ಮ್ಯಾಪ್‌ನ ಪುನರಾವರ್ತನೆಯನ್ನು ಯಾದೃಚ್ಛಿಕಗೊಳಿಸಲಾಗಿದೆ.

ಕನ್ನಡದ ಅಕಾರಾದಿ

ಸೇರಿಸಿದ ಕ್ರಮವು ಅಕಾರಾದಿ ಕ್ರಮವಲ್ಲ. ಪೈಥಾನ್‌ನ ಸಾಮಾನ್ಯ ವಿಂಗಡಣೆಯೂ ಕನ್ನಡದ ಅಕಾರಾದಿಯನ್ನು ಪೂರ್ತಿಯಾಗಿ ಪಾಲಿಸದು, ಏಕೆಂದರೆ ಅದು ಯೂನಿಕೋಡ್ ಸಂಖ್ಯೆಗಳನ್ನು ಹೋಲಿಸುತ್ತದೆ. ಯೂನಿಕೋಡ್‌ನಲ್ಲಿ ಳಕಾರವು ಲಕಾರದ ಬೆನ್ನಿಗೇ ಇದೆ. ವರ್ಣಮಾಲೆಯಲ್ಲಿ ಹಕಾರದ ನಂತರ ಬರುತ್ತದೆ. ಹೀಗಾಗಿ ನಿಘಂಟಿನಲ್ಲಿ ಬಸವಕಲ್ಯಾಣದ ನಂತರ ಬರಬೇಕಾದ ಬಳ್ಳಾರಿ, ವಿಂಗಡಿಸಿದಾಗ ಅದಕ್ಕಿಂತ ಮೊದಲು ನಿಲ್ಲುತ್ತದೆ. ‘ದೊ’ ಮತ್ತು ‘ದೇ’ ಅಕ್ಷರಗಳ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿಸಿಯೂ ಸಂಗ್ರಹಿಸಬಹುದು. ಒಂದೇ ಸಂಕೇತವಾಗಿದ್ದರೆ ದೇವನಹಳ್ಳಿ ಮೊದಲು, ಎರಡನ್ನೂ ಬಿಡಿಸಿದ್ದರೆ ದೊಡ್ಡಬಳ್ಳಾಪುರ ಮೊದಲು ಬರುತ್ತದೆ.