ಬೋರಿನಿಂದ ಬೋರಿಗೆ ಎಷ್ಟು ದೂರ?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದರೆ ನಾಡಿನವರಿಗೆ ನೆನಪಾಗುವುದು ಪರ್ಸಿ ಕಲ್ಲು, ಸಿಮೆಂಟು, ತೊಗರಿ. ಅನಿಲ ತೆಗೆಯುವ ಬಾವಿ ಇಲ್ಲಿ ಒಂದೂ ಇಲ್ಲ. ಹಾಗಿದ್ದರೂ ತೈಲ ಮತ್ತು ಅನಿಲದ ಶೋಧಕ್ಕೆಂದು ದೇಶದಲ್ಲಿ ಗುರುತಿಸಿರುವ 26 ಪದರಗಲ್ಲಿನ ಪ್ರದೇಶಗಳ ಪಟ್ಟಿಯಲ್ಲಿ ಈ ಸೀಮೆ ಸೇರಿದ ಭೀಮಾ–ಕಲಾದಗಿಯ ಹೆಸರಿದೆ, ಕೊನೆಯ ದರ್ಜೆಯಲ್ಲಿ. ಅನಿಲ ಸಿಗಲಿ ಬಿಡಲಿ, ಅನಿಲ ಕ್ಷೇತ್ರಗಳಲ್ಲಿ ನೂರು ವರ್ಷಕ್ಕೂ ಮೀರಿ ನಡೆದ ಒಂದು ಜಗಳ ಈ ಸೀಮೆಯ ಹೊಲ ಹೊಲದಲ್ಲಿ ಇಂದೂ ನಡೆಯುತ್ತಿದೆ. ಒಬ್ಬರ ಬಾವಿಯಿಂದ ಇನ್ನೊಬ್ಬರ ಬಾವಿ ಎಷ್ಟು ದೂರದಲ್ಲಿರಬೇಕು? ಒಂದು ಚದರ ಮೈಲಿಯಲ್ಲಿ ಎಷ್ಟು ಬಾವಿ ಇರಬಹುದು? ಅನಿಲದವರು ಇದಕ್ಕೆ ಉತ್ತರ ಹುಡುಕುತ್ತ ಬಹುದೂರ ಬಂದಿದ್ದಾರೆ. ನೀರಿನವರಾದ ನಾವು ಹೊರಟ ಜಾಗದ ಆಸುಪಾಸಿನಲ್ಲೇ ನಿಂತಿದ್ದೇವೆ. ಎರಡೂ ದಾರಿಗಳು ಒಂದೇ ಕಡೆಯಿಂದ ಹೊರಟಿದ್ದು ಎಂಬುದನ್ನು ನೆನೆದರೆ ಈ ಅಂತರ ಇನ್ನಷ್ಟು ಕಾಡುತ್ತದೆ.

ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಹತ್ತಿ ಗಿರಣಿಯೊಂದರ ಮಾಲೀಕ 1821ರಲ್ಲಿ ಬಾವಿ ತೋಡಿಸಿದ್ದ. ಹದಿನಾರು ವರ್ಷದ ಮೇಲೆ ಮುಕ್ಕಾಲು ಮೈಲಿ ಆಚೆ ಇನ್ನೊಬ್ಬ ಕಲ್ಲಿದ್ದಲಿಗಾಗಿ ಗುಂಡಿ ತೋಡಿದ. ಗಿರಣಿಯ ಬಾವಿ ಬತ್ತಿತು. ಆಕ್ಟನ್–ಬ್ಲಂಡೆಲ್ ಎಂಬ ಈ ವ್ಯಾಜ್ಯದಲ್ಲಿ 1843ರಲ್ಲಿ ಬಂದ ತೀರ್ಪು ಇಷ್ಟು: ನೆಲದಡಿ ಕಾಲುವೆಯಂತೆ ಗೊತ್ತಾದ ದಾರಿ ಇಲ್ಲದೆ ಜಿನುಗುವ ನೀರು ನೆಲದ ಒಡೆಯನದು, ಅವನು ತೆಗೆದದ್ದರಿಂದ ನೆರೆಯವನ ಬಾವಿ ಬತ್ತಿದರೆ ಪರಿಹಾರವಿಲ್ಲ. ಭಾರತದ 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಕಲಮಿನ ದೃಷ್ಟಾಂತವೊಂದರಲ್ಲಿ ಇದೇ ತತ್ವ ಬಂದು ಕೂತಿತು. ಅಮೆರಿಕದ ಟೆಕ್ಸಾಸ್‌ನಲ್ಲಿ, ಡೆನಿಸನ್ ಎಂಬ ಊರಿನ ಬಳಿ, ರೈಲು ಇಂಜಿನ್ನುಗಳಿಗೆ ನೀರು ಬೇಕೆಂದು ರೈಲ್ವೆ ಕಂಪನಿಯೊಂದು ದಿನಕ್ಕೆ 25,000 ಗ್ಯಾಲನ್ ಎತ್ತುವ ಬಾವಿ ತೋಡಿತು, ಪಕ್ಕದ ಮನೆಯವನ ಬಾವಿ ಒಣಗಿತು. 1904ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರೈಲ್ವೆಯ ಪರವಾಗಿ ನಿಂತದ್ದಕ್ಕೆ ಕಾರಣ, ನೆಲದಡಿಯ ನೀರಿನ ನಡೆ ಯಾರಿಗೂ ತಿಳಿಯದ ಗುಟ್ಟು ಎಂಬುದು. ಜಂಕ್ಷನ್ನಿನ ನೆರಳಲ್ಲೇ ಬೆಳೆದ ವಾಡಿಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ನೀರಿಗೆಂದು ಹುಟ್ಟಿದ ಈ ನ್ಯಾಯ ಅನಿಲಕ್ಕೆ ಎರವಲು ಹೋಯಿತು. 1889ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ನೀರು, ತೈಲ, ಅನಿಲ ಮೂರನ್ನೂ ಕಾಡುಪ್ರಾಣಿಗಳಿಗೆ ಹೋಲಿಸಿತು: ನಮ್ಮ ನೆಲದಲ್ಲಿರುವಷ್ಟು ಹೊತ್ತು ನಮ್ಮದು, ಪಕ್ಕದವನ ಹಿಡಿತಕ್ಕೆ ಹೋದರೆ ಅವನದು. ಹಾಗಾದ ಮೇಲೆ ಉಳಿದದ್ದು ಓಟ ಒಂದೇ. ಗಡಿಯಂಚಿಗೆ ಒಬ್ಬ ಬಾವಿ ಕೊರೆದರೆ ಇನ್ನೊಬ್ಬ ಅದರ ಎದುರಿಗೇ ಕೊರೆಯಬೇಕು, ಇಲ್ಲದಿದ್ದರೆ ತನ್ನ ಪಾಲು ಹೋಯಿತೆಂದೇ ಲೆಕ್ಕ. 1901ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ತೈಲ ಚಿಮ್ಮಿದಾಗ ಇದೇ ಆಯಿತು. ಗೋಪುರಗಳು ಒಂದಕ್ಕೊಂದು ತಾಗುವಂತೆ ಎದ್ದವು, ಒತ್ತಡ ಬೇಗನೆ ಕುಸಿಯಿತು. ಕಿಲ್ಗೋರ್ ಎಂಬ ಊರಿನ ನಡುಮಧ್ಯದಲ್ಲಿ ಮುಂದೆ ಒಂದೆಕರೆಯ ಸುಮಾರಿನ ಜಾಗದಲ್ಲಿ 24 ಬಾವಿಗಳು ಬಂದವು. ಒಂದೇ ಬಾವಿಯಿಂದ ಬರಬಹುದಾಗಿದ್ದ ತೈಲಕ್ಕೆ ಇಪ್ಪತ್ತನಾಲ್ಕು ಬಾವಿಯ ಖರ್ಚು.

ಟೆಕ್ಸಾಸ್‌ನಲ್ಲಿ ಈ ಓಟಕ್ಕೆ ಕಡಿವಾಣ ಬಿದ್ದದ್ದು 1919ರಲ್ಲಿ. ತೈಲ–ಅನಿಲದ ಉಸ್ತುವಾರಿಯನ್ನೂ ಹೊತ್ತ ಟೆಕ್ಸಾಸ್ ರೈಲ್‌ರೋಡ್ ಕಮಿಷನ್ನಿನ 37ನೇ ನಿಯಮದಂತೆ ಬಾವಿಯಿಂದ ಬಾವಿಗೆ 300 ಅಡಿ, ಗಡಿಯಿಂದ 150 ಅಡಿ ದೂರ ಬಿಡಬೇಕಾಯಿತು. ಮುಂದೆ ಈ ದೂರ ಬೆಳೆಯುತ್ತ ಹೋಗಿ ಈಗ ಸಾಮಾನ್ಯವಾಗಿ 1,200 ಅಡಿ ಮತ್ತು 467 ಅಡಿಗೆ ಬಂದಿದೆ. ಆದರೆ ನಿಯಮ ಹುಟ್ಟಿದ ಕೂಡಲೇ ಅದಕ್ಕೆ ವಿನಾಯಿತಿಯೂ ಹುಟ್ಟಿತು. ಸಣ್ಣ ತುಂಡು ನೆಲದವನಿಗೆ ದೂರದ ನಿಯಮ ಹಾಕಿದರೆ ಅವನಿಗೆ ಬಾವಿಯೇ ಇಲ್ಲ, ಅವನ ನೆಲದಡಿಯದೆಲ್ಲ ನೆರೆಯವನ ಪಾಲು. ಇದು ಅನ್ಯಾಯವಲ್ಲವೇ ಎಂದು ಕಮಿಷನ್ ಸಾವಿರಾರು ವಿನಾಯಿತಿ ಕೊಟ್ಟಿತು. 1930ರಲ್ಲಿ ಪತ್ತೆಯಾದ ಪೂರ್ವ ಟೆಕ್ಸಾಸ್ ಕ್ಷೇತ್ರದಲ್ಲಿ 30,000ಕ್ಕೂ ಹೆಚ್ಚು ಬಾವಿಗಳು ಬಂದವು. 1931ರ ಆಗಸ್ಟಿನಲ್ಲಿ ಗವರ್ನರು ಸೈನ್ಯ ಕಳಿಸಿ ಬಾವಿಗಳನ್ನು ನಿಲ್ಲಿಸಬೇಕಾಯಿತು.

ದೂರ ನಿಗದಿ ಮಾಡಿದರೆ ಸಾಲದು, ಪಾಲನ್ನೂ ನಿಗದಿ ಮಾಡಬೇಕು ಎಂಬ ತಿಳಿವು ನಿಧಾನವಾಗಿ ಬಂತು. ಓಕ್ಲಹೋಮಾ 1935ರಲ್ಲಿ ಬಾವಿ ಅಂತರದ ಕಾಯ್ದೆ ತಂದಿತು, 1945ರಲ್ಲಿ ಇಡೀ ಕ್ಷೇತ್ರವನ್ನು ಒಂದೇ ಘಟಕವಾಗಿ ನಡೆಸುವ ಕಾಯ್ದೆ ತಂದಿತು. ಟೆಕ್ಸಾಸ್‌ಗೆ ಆ ಬುದ್ಧಿ ಬರಲು ಸಣ್ಣ ತುಂಡಿಗೆ ಅಳತೆ ಮೀರಿದ ಪಾಲು ಸಲ್ಲದೆಂದ 1961ರ ನಾರ್ಮಾನಾ ತೀರ್ಪು, 1965ರ ಪೂಲಿಂಗ್ ಕಾಯ್ದೆ ಬೇಕಾದವು. ಪೂಲಿಂಗ್ ಎಂದರೆ ಅಕ್ಕಪಕ್ಕದ ನೆಲಗಳನ್ನು ಒಂದು ಘಟಕ ಮಾಡಿ, ಒಂದೇ ಬಾವಿ ಕೊರೆದು, ಬಂದದ್ದನ್ನು ನೆಲದ ಅಳತೆಗೆ ತಕ್ಕಂತೆ ಹಂಚುವುದು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಬಾವಿಯ ದೂರಕ್ಕಿಂತ ದೊಡ್ಡ ಆವಿಷ್ಕಾರ ಇದೇ.

ಇನ್ನೊಂದು ಪಾಠ ಕಾನ್ಸಾಸ್‌ನ ಹ್ಯೂಗೊಟನ್ ಅನಿಲ ಕ್ಷೇತ್ರದ್ದು. ಅನಿಲ ತೈಲಕ್ಕಿಂತ ಸಲೀಸಾಗಿ ಹರಿಯುವುದರಿಂದ ತೈಲಕ್ಕೆ 40 ಎಕರೆಗೊಂದು ಬಾವಿ ಎಂದರೆ ಅನಿಲಕ್ಕೆ 640 ಎಕರೆಗೊಂದು, ಅಂದರೆ ಒಂದು ಚದರ ಮೈಲಿಗೊಂದು, ಎಂಬುದು ಅಮೆರಿಕದ ರೂಢಿ. ಹ್ಯೂಗೊಟನ್ನಿನಲ್ಲೂ ದಶಕಗಳ ಕಾಲ ಹಾಗೇ ನಡೆಯಿತು. ಆಮೇಲೆ, ಕಲ್ಲು ಒಂದೇ ಗಟ್ಟಿಯಲ್ಲ, ಪದರ ಪದರವಾಗಿದೆ, ಒಂದೇ ಬಾವಿ ಎಲ್ಲ ಪದರಗಳನ್ನೂ ಬರಿದು ಮಾಡಲಾರದು ಎಂಬ ವಾದ ಎದ್ದಿತು. ದೀರ್ಘ ವಿಚಾರಣೆಯ ನಂತರ 1986ರಲ್ಲಿ ಎರಡನೇ ಬಾವಿಗೆ ಅನುಮತಿ ಸಿಕ್ಕಿತು. ಕೊಲೊರಾಡೋದ ಗಟ್ಟಿ ಮರಳುಗಲ್ಲಿನಲ್ಲಿ 10 ಎಕರೆಗೊಂದು ಅನಿಲ ಬಾವಿಗೂ ಅನುಮತಿ ಇದೆ, ಅಲ್ಲಿ ಅನಿಲ ದೂರದಿಂದ ಹರಿದು ಬರುವುದೇ ಇಲ್ಲ. ದೂರವನ್ನು ನಿರ್ಧರಿಸುವುದು ಕಲ್ಲು ಎಂಬ ಮಾತು ಅಲ್ಲಿ ಕಾನೂನಾಗಿದೆ.

ಇದರ ಹಿಂದಿನ ಗಣಿತ ಮತ್ತೆ ನೀರಿನವರದೇ ಕೊಡುಗೆ. ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನ ಮೂಲಕ ನೀರು ಹರಿಯುವ ನಿಯಮ ಕೊಟ್ಟ, ಅಮೆರಿಕದ ಸಿ.ವಿ. ಥೈಸ್ 1935ರಲ್ಲಿ, ಬಾವಿಯೊಂದರಿಂದ ನೀರೆತ್ತಿದಾಗ ಸುತ್ತಲಿನ ಮಟ್ಟ ಹೊತ್ತು ಕಳೆದಂತೆ ಎಷ್ಟೆಷ್ಟು ಕುಸಿಯುತ್ತದೆಂಬುದಕ್ಕೆ ಸೂತ್ರ ಕೊಟ್ಟ. ಟೆಕ್ಸಾಸ್ ಕೋರ್ಟು ಗುಟ್ಟು ಎಂದದ್ದು ಗುಟ್ಟಾಗಿ ಉಳಿಯಲಿಲ್ಲ.

ಭಾರತದಲ್ಲಿ ತೈಲ–ಅನಿಲಕ್ಕೆ 1948ರ ತೈಲಕ್ಷೇತ್ರ ಕಾಯ್ದೆ, ಅದರಡಿಯ ನಿಯಮಗಳು, 1993ರಿಂದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ಇವೆ. ಇಡೀ ಬ್ಲಾಕನ್ನು ಸರ್ಕಾರವೇ ಒಬ್ಬರಿಗೆ ಗುತ್ತಿಗೆ ಕೊಡುವುದರಿಂದ ಟೆಕ್ಸಾಸ್ ಥರದ ಓಟ ಇಲ್ಲಿ ನಡೆಯಲಿಲ್ಲ. ಆದರೆ ಬ್ಲಾಕಿಗೂ ಗಡಿ ಇದೆ. ಕೃಷ್ಣಾ–ಗೋದಾವರಿ ಕಡಲಲ್ಲಿ ಓಎನ್‌ಜಿಸಿಯ ಬ್ಲಾಕಿನಿಂದ ಪಕ್ಕದ ರಿಲಯನ್ಸ್ ಬ್ಲಾಕಿಗೆ ಅನಿಲ ಹರಿದುಹೋಗಿದೆ ಎಂದು 2015ರಲ್ಲಿ ಪರಿಣತ ಸಂಸ್ಥೆಯ ವರದಿ ಬಂತು. 2018ರಲ್ಲಿ ಮಧ್ಯಸ್ಥಿಕೆ ಮಂಡಳಿಯ ತೀರ್ಪು ರಿಲಯನ್ಸ್ ಕಡೆಗಾಯಿತು, 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ನೆಲದಡಿಯ ಹರಿವು ಬೇಲಿಗೆ ನಿಲ್ಲುವುದಿಲ್ಲ ಎಂಬುದನ್ನು ದೊಡ್ಡ ದೊಡ್ಡ ಸಂಸ್ಥೆಗಳು ಕೋರ್ಟಿನಲ್ಲಿ ವಾದಿಸುತ್ತಿವೆ. ಸೇಡಂನ ರೈತರಿಗೆ ಇದು ಬೇಸಿಗೆ ಬೇಸಿಗೆಗೂ ಗೊತ್ತಾಗುವ ಸಂಗತಿ.

ಇಲ್ಲಿ ಬೋರು ಹೊಡೆಸುವ ಹೊಲಕ್ಕೆ ಹೋಗಿ ನೋಡಿ. ಮೇಲಿನ ಕರಿ ಮಣ್ಣು ಮುಗಿದು ಕಲ್ಲು ತಾಗಿದರೆ ಕಂಪ್ರೆಸರಿನ ಗಾಳಿಗೆ ಬೂದು ಬಿಳಿ ಹುಡಿ ಮೇಲೇಳುತ್ತದೆ, ಲಾರಿ, ಗಿಡ, ನಿಂತವರ ತಲೆ ಎಲ್ಲ ಒಂದೇ ಬಣ್ಣ. ನೂರಾರು ಅಡಿ ಇಳಿದರೂ ಹುಡಿಯೇ ಬರಬಹುದು. ಒಮ್ಮೆಲೇ ಬಿಟ್ ಸರಕ್ಕನೆ ಕೆಳಗಿಳಿದರೆ ನಿಂತವರೆಲ್ಲ ಎಚ್ಚರಗೊಳ್ಳುತ್ತಾರೆ: ಕಲ್ಲಿನೊಳಗೆ ಪೊಳ್ಳು ಸಿಕ್ಕಿದೆ. ಅದರಲ್ಲಿ ನೀರಿದ್ದರೆ ಎರಡಿಂಚು, ಮೂರಿಂಚು ಬಿತ್ತೆಂದು ಸಂಭ್ರಮ. ಅದೇ ದಿನ ಒಂದೆರಡು ಹೊಲ ಆಚೆಯ ಮೋಟಾರು ಗಾಳಿ ಎಳೆಯಲು ಶುರುಮಾಡಿದರೂ ಅಚ್ಚರಿಯಿಲ್ಲ. ನಡುವಿನ ಹೊಲದಲ್ಲಿ ಹೊಡೆಸಿದ್ದು ಮಾತ್ರ ಒಣ ಬೋರು.

ಇದಕ್ಕೆ ಕಾರಣವನ್ನು ಶಹಾಬಾದಿನ ಯಾವುದೇ ಹಳೆಯ ಪರ್ಸಿ ಖಣಿಯ ಗೋಡೆ ತೋರಿಸುತ್ತದೆ. ಅಲ್ಲಿ ಸುಣ್ಣಗಲ್ಲು ಮಟ್ಟಸವಾಗಿ ಪದರದ ಮೇಲೆ ಪದರ ಕೂತಿದೆ, ನಡುನಡುವೆ ನೆಟ್ಟಗೆ ಇಳಿದ ಸೀಳುಗಳು. ಕಲ್ಲಿನ ಮೈಯಲ್ಲಿ ನೀರಿಲ್ಲ. ಪದರಗಳ ಸಂದಿನಲ್ಲಿ, ಸೀಳಿನಲ್ಲಿ, ಮಳೆನೀರು ಸುಣ್ಣ ಕರಗಿಸಿ ಮಾಡಿದ ಪೊಳ್ಳಿನಲ್ಲಿ ಮಾತ್ರ ಇದೆ. ಸುಮಾರು 5,200 ಚದರ ಕಿ.ಮೀ. ಹರಡಿರುವ ಭೀಮಾ ಶಿಲಾಸಮೂಹದಲ್ಲಿ ಈ ಸುಣ್ಣಗಲ್ಲಿನ ಸ್ತರಕ್ಕೆ ಶಹಾಬಾದಿನ ಹೆಸರೇ ಇದೆ. ಉತ್ತರಕ್ಕೆ ಚಿಂಚೋಳಿಯ ಕಡೆ ಹೋದರೆ ಇದರ ಮೇಲೆ ದಖ್ಖನ್ ಲಾವಾದ ಕರಿಗಲ್ಲು, ಅದರ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆ. ಅಲ್ಲಿ ನೀರಿನ ನಡೆಯೇ ಬೇರೆ, ಶಿಥಿಲಗೊಂಡು ಸಡಿಲಾದ ಮೇಲ್ಪದರದಲ್ಲಿ ಅದು ಹೆಚ್ಚು ಸಮನಾಗಿ ಹರಡಿರುತ್ತದೆ. ಒಂದೇ ಜಿಲ್ಲೆ, ಎರಡು ತೀರಾ ಬೇರೆ ನೆಲ.

ಈ ಎರಡಕ್ಕೂ ನಮ್ಮ ಕಾನೂನು ಕೊಟ್ಟಿರುವ ಅಂತರ ಒಂದೇ. ಸೇದುವ ಬಾವಿಗಳ ಕಾಲದಲ್ಲಿ ಅಂತರದ ಪ್ರಶ್ನೆ ಇರಲಿಲ್ಲ, ಹಗ್ಗ ಮತ್ತು ಎತ್ತಿನ ಬಲವೇ ಮಿತಿ ಹಾಕುತ್ತಿತ್ತು. ವಿದ್ಯುತ್ ಪಂಪು ಬಂದ ಮೇಲೆ ಬಾವಿ ಸಾಲ ಕೊಡುವ ಬ್ಯಾಂಕುಗಳು, 1982ರ ನಂತರ ನಬಾರ್ಡಿನ ಸೂಚನೆಯಂತೆ, ಬಾವಿಗಳ ನಡುವೆ ಇಂತಿಷ್ಟು ದೂರ ಬೇಕೆಂದು ಕೇಳತೊಡಗಿದವು. ಸ್ವಂತ ಹಣದಲ್ಲಿ ಕೊರೆಸಿದವರಿಗೆ ಅದು ತಾಗಲಿಲ್ಲ. 1993ರಲ್ಲಿ ಮಹಾರಾಷ್ಟ್ರ ಕುಡಿಯುವ ನೀರಿನ ರಕ್ಷಣೆಗೆ ಕಾಯ್ದೆ ಮಾಡಿ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಬೇಡ ಎಂದಿತು. ಕರ್ನಾಟಕ 1999ರ ಕಾಯ್ದೆಯಲ್ಲಿ ಅದೇ 500 ಮೀಟರನ್ನು ತೆಗೆದುಕೊಂಡಿತು. 2002ರಲ್ಲಿ ಆಂಧ್ರ ನೀರು, ನೆಲ, ಮರಗಳ ರಕ್ಷಣೆಯ ತನ್ನ ವಾಲ್ಟಾ ಕಾಯ್ದೆಯಲ್ಲಿ ಇಟ್ಟದ್ದು 250 ಮೀಟರ್. ಅದೇ ಈಗ ತೆಲಂಗಾಣದ್ದೂ ಆಗಿದೆ.

ಲೆಕ್ಕ ಹಾಕಿ ನೋಡಬೇಕು. 500 ಮೀಟರಿನ ವೃತ್ತದೊಳಗೆ ಸುಮಾರು 194 ಎಕರೆ ಬರುತ್ತದೆ, 250 ಮೀಟರಿನದರಲ್ಲಿ 48 ಎಕರೆ ಚಿಲ್ಲರೆ. ಸೇಡಂ, ಚಿಂಚೋಳಿಗಳ ಗಡಿ ದಾಟಿ ತೆಲಂಗಾಣದ ತಾಂಡೂರಿಗೆ ಹೋದರೆ ನೆಲದಡಿ ಇದೇ ಭೀಮಾ ಸುಣ್ಣಗಲ್ಲು, ಮೇಲೆ ಇದೇ ತೊಗರಿ, ಕಾನೂನಿನ ವೃತ್ತ ಮಾತ್ರ ಕಾಲುಭಾಗ. ಸುಣ್ಣಗಲ್ಲಿನ ಸೀಳು ಈ ಎರಡು ಅಂಕೆಗಳನ್ನೂ ಮಾನ್ಯ ಮಾಡುವುದಿಲ್ಲ. ಸೀಳಿನ ಗುಂಟ 700 ಮೀಟರ್ ದೂರದ ಬೋರು ಊರ ಬಾವಿಯನ್ನು ಎಳೆಯಬಹುದು, ಸೀಳಿಗೆ ಅಡ್ಡ 100 ಮೀಟರಿನಲ್ಲಿರುವ ಬೋರು ಏನೂ ಮಾಡದೆ ಇರಬಹುದು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 1999ರ ವೃತ್ತ ಕಾಯುವುದು ಊರ ಕುಡಿಯುವ ನೀರಿನ ಮೂಲವನ್ನಷ್ಟೇ. ರೈತನ ಬೋರಿಗೂ ಪಕ್ಕದ ರೈತನ ಬೋರಿಗೂ ನಡುವೆ ಅದು ಏನನ್ನೂ ಹೇಳುವುದಿಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಪ್ರಾಧಿಕಾರ ತಂದಿತು, ರಿಗ್‌ಗಳ ನೋಂದಣಿ ತಂದಿತು, ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಕಡ್ಡಾಯ ಮಾಡಿತು. ಅದರ ಬಿಗಿ ಇರುವುದು ನೀರು ತೀರಾ ಇಳಿದು ಅಧಿಸೂಚನೆಯಾದ ತಾಲ್ಲೂಕುಗಳಲ್ಲಿ. ಅಂತರದ ನಿಯಮ ಬೇಕಾಗುವುದು ಅದಕ್ಕೂ ಮುಂಚೆ, ನೀರು ಇನ್ನೂ ಇದ್ದಾಗ.

ಹಾಗೆಂದು ನಾಳೆಯೇ ಬೋರಿನಿಂದ ಬೋರಿಗೆ ಇಷ್ಟು ದೂರ ಎಂದು ಆದೇಶ ಹೊರಡಿಸಿದರೆ ಏಟು ಬೀಳುವುದು ಯಾರಿಗೆ? ಐದೆಕರೆಯ ಹಿಡುವಳಿಗಳೆಂದರೆ 194 ಎಕರೆಯಲ್ಲಿ ನಲವತ್ತರ ಹತ್ತಿರ ಕುಟುಂಬಗಳಾದವು. ಮೊದಲು ಕೊರೆಸಿದವರು ಹಣವಿದ್ದವರು. ಗಂಗಾ ಕಲ್ಯಾಣದಂಥ ಯೋಜನೆಯಲ್ಲಿ ತಡವಾಗಿ ಬೋರು ಪಡೆಯುವ ದಲಿತ ರೈತನಿಗೆ ಆಗ ಸಿಗುವುದು ‘ದೂರ ಸಾಲದು’ ಎಂಬ ಹಿಂಬರಹ. ಟೆಕ್ಸಾಸ್‌ನಲ್ಲಿ ಸಣ್ಣ ನೆಲದವನಿಗೆ ಎದುರಾದ ಪ್ರಶ್ನೆ ಇದೇ ಆಗಿತ್ತು. ವಿನಾಯಿತಿ ಕೊಟ್ಟರೆ ಬಾವಿಗಳ ಕಾಡು, ಕೊಡದಿದ್ದರೆ ಬಡವನ ಪಾಲು ಖೋತಾ. ಅವರು ಕಡೆಗೆ ಹಿಡಿದ ದಾರಿ ಹಂಚಿಕೆಯದು. ನೀರಿಗೂ ಅದು ಆಗದ ಮಾತಲ್ಲ: ಅನಂತಪುರ, ಮಹಬೂಬ್‌ನಗರದ ಕೆಲವು ಹಳ್ಳಿಗಳಲ್ಲಿ ರೈತರು ತಮ್ಮ ಬೋರುಗಳನ್ನು ಪೈಪಿನಿಂದ ಜೋಡಿಸಿ, ಹೊಸ ಬೋರು ಕೊರೆಸುವುದಿಲ್ಲವೆಂದು ಒಪ್ಪಿ, ಬೋರಿಲ್ಲದವರಿಗೂ ನೀರು ಕೊಟ್ಟಿದ್ದಾರೆ. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮ ನೀರಾವರಿಗೆ ಬೋರನ್ನೇ ಬೇಡವೆಂದಿತು.

ಈ ಸೀಮೆಗೆ ಮಾತ್ರ ವಿಶೇಷವಾದ ತೊಡಕು ಸುಣ್ಣಗಲ್ಲಿನ ಗಣಿಗಳದ್ದು. ಶಹಾಬಾದ್, ವಾಡಿಯಿಂದ ಮಳಖೇಡ, ಸೇಡಂ, ಚಿಂಚೋಳಿಯ ತನಕ ಸಿಮೆಂಟು ಕಾರ್ಖಾನೆಗಳು ನೆಚ್ಚಿರುವುದು ನೀರು ಹಿಡಿದಿಟ್ಟ ಅದೇ ಕಲ್ಲನ್ನು. ಗಣಿ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಅದೂ ಒಂದು ಬಾವಿ, ಅದರ ಅಗಲ ಮಾತ್ರ ಹೊಲಗಟ್ಟಲೆ. ಒಳಗೆ ಕೂಡುವ ನೀರನ್ನು ಪಂಪು ಹಚ್ಚಿ ಹೊರಹಾಕಲೇಬೇಕು. ಲ್ಯಾಂಕಷೈರಿನಲ್ಲಿ ಕಲ್ಲಿದ್ದಲ ಗುಂಡಿ ಗಿರಣಿಯ ಬಾವಿಗೆ ಮಾಡಿದ್ದು ಇದನ್ನೇ. ಬೋರಿನ ಅಂತರ ಅಳೆಯಲು ಟೇಪು ಹಿಡಿದು ಹೊರಡುವವರು ಗಣಿಯ ಅಂಚಿನಿಂದಲೂ ಅಳೆಯಬೇಕು. ಗಣಿಯ ಸುತ್ತಲಿನ ಅಳತೆ ಕೊಳವೆಗಳಲ್ಲಿ ನೀರಿನ ಮಟ್ಟ ಎಷ್ಟಿದೆಯೆಂಬುದು ಆ ಊರಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ತಿಂಗಳು ತಿಂಗಳೂ ಕನ್ನಡದಲ್ಲಿ ಕಾಣಬೇಕು.

ಕೇಂದ್ರ ಅಂತರ್ಜಲ ಮಂಡಳಿ 2012ರಿಂದ ಜಲಧರಗಳ ನಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ನಡೆಸುತ್ತಿದೆ. ಅಂತರ ನಿರ್ಧರಿಸುವ ಕೆಲಸ ಆ ನಕ್ಷೆಯಿಂದ ಶುರುವಾಗಬೇಕು: ಸುಣ್ಣಗಲ್ಲಿನ ಹಳ್ಳಿಗಳಿಗೆ ಒಂದು ನಿಯಮ, ಚಿಂಚೋಳಿಯ ಕರಿಗಲ್ಲಿನ ಹಳ್ಳಿಗಳಿಗೆ ಇನ್ನೊಂದು, ಕಾಗಿಣಾ ನದಿಯ ದಂಡೆಗೆ ಬೇರೊಂದು. ಅನುಮಾನವಿದ್ದಲ್ಲಿ ಒಂದು ಬೋರನ್ನು ದಿನವಿಡೀ ಓಡಿಸಿ ಸುತ್ತಲಿನ ನಾಲ್ಕೈದು ಬೋರುಗಳಲ್ಲಿ ಮಟ್ಟ ಇಳಿಯುವುದನ್ನು ಗಂಟೆ ಗಂಟೆಗೂ ಬರೆದುಕೊಳ್ಳಬೇಕು. ಅದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಗಡಿಯಾರ, ತಡೆಯಿಲ್ಲದ ಕರೆಂಟು, ತಮ್ಮ ಬೋರಿನ ಬಾಯಿ ತೆರೆದು ತೋರಿಸಲು ಒಪ್ಪುವ ನಾಲ್ಕು ಮಂದಿ ರೈತರು.