ಪಂಚಸೂತಕ ನಿರಾಕರಣೆ ಮತ್ತು ಶರಣರ ಮನೆ

ಶರಣರ ಚಳವಳಿಯೆಂದೊಡನೆ ಕಲ್ಯಾಣದ ಅನುಭವಮಂಟಪ, ಬಿಜ್ಜಳನ ಆಸ್ಥಾನಗಳು ಕಣ್ಣಮುಂದೆ ನಿಲ್ಲುತ್ತವೆ. ಆದರೆ 12ನೆಯ ಶತಮಾನದ ಆ ಮಹಾಪರಿವರ್ತನೆ ಹೆಚ್ಚು ಆಳವಾಗಿ ತಟ್ಟಿದ್ದು ಅಡುಗೆಮನೆಯನ್ನು, ಬಾಣಂತಿಯ ಕೋಣೆಯನ್ನು, ಸಾವು ಸಂಭವಿಸಿದ ಮನೆಯ ಪಡಸಾಲೆಯನ್ನು. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳನ್ನು ಶರಣರು ಒಪ್ಪಲಿಲ್ಲ. ಇದನ್ನೇ ಪಂಚಸೂತಕ ನಿರಾಕರಣೆಯೆಂದು ಕರೆಯಲಾಗಿದೆ.

ಈ ನಿರಾಕರಣೆಯ ತೂಕವನ್ನರಿಯಲು ಅಂದಿನ ಕುಟುಂಬವು ಯಾವ ಕಟ್ಟಳೆಯಲ್ಲಿ ಸಿಲುಕಿತ್ತೆಂಬುದನ್ನು ನೋಡಬೇಕು. ಮನುಸ್ಮೃತಿಯ ಪ್ರಕಾರ ಸಾವಿನ ಸೂತಕವು ಬ್ರಾಹ್ಮಣನಿಗೆ 10 ದಿನ, ಕ್ಷತ್ರಿಯನಿಗೆ 12, ವೈಶ್ಯನಿಗೆ 15. ಶೂದ್ರನಿಗೆ ಮಾತ್ರ ಒಂದು ತಿಂಗಳು. ದಿನದ ದುಡಿಮೆಯಿಂದಲೇ ಒಲೆ ಹೊತ್ತಿಸಬೇಕಾದವನಿಗೆ ಎಲ್ಲರಿಗಿಂತ ದೀರ್ಘವಾದ ಮೈಲಿಗೆ! ಇದರ ಮೇಲೆ ಹೆಣ್ಣಿಗೆ ತಿಂಗಳುತಿಂಗಳೂ ಪ್ರತ್ಯೇಕವಾಸ.

ಶರಣರ ಉತ್ತರ ಸರಳವಾಗಿತ್ತು. ಇಷ್ಟಲಿಂಗವು ಗುಡಿಯಲ್ಲಿಲ್ಲ, ಅಂಗದ ಮೇಲಿದೆ. ಅದನ್ನು ಕ್ಷಣಕಾಲವೂ ಅಗಲಬಾರದು. ಹಾಗಿರುವಲ್ಲಿ ಮುಟ್ಟಾದ ದಿನಗಳಲ್ಲಿ ಅಂಗವು ಅಪವಿತ್ರವೆಂದರೆ ಲಿಂಗವೂ ಅಪವಿತ್ರವೆನ್ನಬೇಕಾಗುತ್ತದೆ. ಅದು ಸಲ್ಲದ ಮಾತು. ಆದ್ದರಿಂದ ಪೂಜೆ ನಿಲ್ಲದು, ಕಾಯಕವೂ ನಿಲ್ಲದು. ಕದಿರ ರೆಮ್ಮವ್ವೆಯದು ನೂಲುವ ಕಾಯಕ, ಗೊಗ್ಗವ್ವೆಯದು ಧೂಪದ ಕಾಯಕ. ಕಾಯಕವೇ ಪೂಜೆಯೆಂದ ಇಂತಹ ಶರಣೆಯರ ಮನೆಗಳಲ್ಲಿ ತಿಂಗಳಿಗೆ ನಾಲ್ಕು ದಿನ ಕೈಕಟ್ಟಿ ಮೂಲೆಯಲ್ಲಿ ಕುಳಿತಿರುವುದೆಂದರೆ ದೇವರನ್ನೂ ಅನ್ನವನ್ನೂ ಒಟ್ಟಿಗೆ ಬಿಟ್ಟಂತೆ.

ಮಗುವಿನ ವಿಷಯದಲ್ಲಿ ಈ ವಿಚಾರ ಇನ್ನೂ ಮುಂದೆ ಹೋಯಿತು. ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿಯೇ ಗರ್ಭಸ್ಥ ಶಿಶುವಿನ ಸಲುವಾಗಿ ಲಿಂಗಸಂಸ್ಕಾರ ಮಾಡುವ ಪದ್ಧತಿ ಬೆಳೆದು ಬಂದಿತು. ಹುಟ್ಟುವ ಮೊದಲೇ ಭಕ್ತನಾದ ಶಿಶುವು ಹುಟ್ಟಿನಿಂದ ಮನೆಯನ್ನು ಮೈಲಿಗೆ ಮಾಡುವುದಾದರೂ ಹೇಗೆ? ಎಂಜಲೆಂಬುದು ಪ್ರಸಾದದಲ್ಲಿ ಕರಗಿತು. ಮರಣವು ಲಿಂಗೈಕ್ಯವಾಯಿತು.

ಇದು ಕೇವಲ ಗ್ರಂಥದ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಹೊರಗಿನವನೊಬ್ಬನ ಸಾಕ್ಷ್ಯವಿದೆ. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಲಿಂಗಾಯತರು ಸ್ತ್ರೀಯರ ಮುಟ್ಟಿನ ಮೈಲಿಗೆಯನ್ನಾಗಲೀ ಬಂಧುಗಳ ಸಾವಿನ ಮೈಲಿಗೆಯನ್ನಾಗಲೀ ಪಾಲಿಸುವುದಿಲ್ಲವೆಂದು ದಾಖಲಿಸಿದ್ದಾನೆ. ಅವನ ಗ್ರಂಥವು ಇಂಗ್ಲಿಷಿನಲ್ಲಿ ಮೊದಲು ಪ್ರಕಟವಾದದ್ದು 1816ರಲ್ಲಿ. ಅವನು ಶರಣಧರ್ಮದ ಪಕ್ಷಪಾತಿಯಲ್ಲವಾದ್ದರಿಂದ ಈ ಮಾತಿಗೆ ಬೆಲೆ ಹೆಚ್ಚು. ಕಲ್ಯಾಣದ ಆರು ಶತಮಾನಗಳಾಚೆಗೂ ನೆರೆಹೊರೆಯವರಿಂದ ಇವರನ್ನು ಬೇರ್ಪಡಿಸಿ ಗುರುತಿಸಲು ಸಾಕಾಗುವಷ್ಟು ಆ ಆಚರಣೆ ಉಳಿದಿತ್ತು.

ಆದರೆ ನೆರೆಹೊರೆಯ ರೂಢಿಯೂ ಸುಮ್ಮನಿರಲಿಲ್ಲ. ನೆಂಟಸ್ತಿಕೆ, ಅಂತಸ್ತು, ನಾಲ್ಕು ಜನರ ಮಾತಿನ ಅಂಜಿಕೆ ಇವುಗಳ ಬೆನ್ನೇರಿ ಬಿಟ್ಟ ಸೂತಕಗಳು ಹಿತ್ತಲ ಬಾಗಿಲಿನಿಂದ ಎಷ್ಟೋ ಮನೆಗಳನ್ನು ಮರಳಿ ಹೊಕ್ಕವು. ಪ್ರೇತಸೂತಕವನ್ನು ಒಪ್ಪದವರೂ ಹೆಣ್ಣುಮಗಳು 'ಹೊರಗಾದಳು' ಎಂಬ ಮಾತನ್ನು ಬಿಡಲಿಲ್ಲ. ಪುರುಷರಿಗೆ ತಟ್ಟುವ ಸೂತಕಗಳು ಬೇಗ ಸಡಿಲಗೊಂಡು ಸ್ತ್ರೀಯರದು ಮಾತ್ರ ಗಟ್ಟಿಯಾಗಿ ನಿಂತದ್ದು ಆಕಸ್ಮಿಕವೆನ್ನಲಾಗದು. ದೇವರ ಜಗುಲಿಯ ಹತ್ತಿರ ಸುಳಿಯಬೇಡವೆಂದು ಸೊಸೆಗೆ ಹೇಳುವ ಅತ್ತೆಯ ಕೊರಳಲ್ಲಿಯೂ ಸೊಸೆಯ ಕೊರಳಲ್ಲಿಯೂ ಇರುವುದು ಅದೇ ಇಷ್ಟಲಿಂಗ. ಆ ನಾಲ್ಕು ದಿನ ಅದನ್ನು ತೆಗೆದಿಡು ಎನ್ನಲು ಮಾತ್ರ ಅತ್ತೆಗೂ ಬಾಯಿ ಬಾರದು.